ಪ್ರೆಸ್ಸಿನ ಕೆಲಸ ಅಂದರೆ ಎಂತ ಕೆಲಸ?

ದೊಡ್ಡಪ್ಪನ ಮರೆವು ಜಾಸ್ತಿಯಾಯಿತು ಅಂತ ಮಂಗಳೂರಿಗೆ ಕರೆದುಕೊಂಡು ಹೋಗಿದ್ದೆವು. ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಜ್ವರ, ಶೀತಕ್ಕಿಂತ ದೊಡ್ಡದು ಎಂತ ಬಂದರೂ ಕಾಸರಗೋಡಿನವರು ಕರ್ನಾಟಕದ ಗಡಿಯ ತಲಪಾಡಿ ದಾಟುವುದೇ. ಡಾಕ್ಟ್ರು ಸಣ್ಣ ಪ್ರಾಯದವರು, ಒಳ್ಳೆಯವರು, ಅವಸರ ಮಾಡಲಿಲ್ಲ. ಇವತ್ತು ಯಾವ ವಾರ, ನೂರರಿಂದ ಏಳೇಳು ಕಳೆಯುತ್ತಾ ಬನ್ನಿ, ಗಡಿಯಾರದ ಚಿತ್ರ ಬಿಡಿಸಿ ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ. ಆಮೇಲೆ ನಮ್ಮ ಕಡೆ ತಿರುಗಿ ಬಿಪಿ ಉಂಟಾ, ಶುಗರ್ ಉಂಟಾ, ಕುಡಿಯುತ್ತಿದ್ದರಾ, ಬಿದ್ದು ಮಂಡೆಗೆ ಪೆಟ್ಟಾಗಿತ್ತಾ. ಎಲ್ಲ ಆದ ಮೇಲೆ, ಕಂಪ್ಯೂಟರಿನಲ್ಲಿ ಒಂದು ಜಾಗ ಖಾಲಿ ಉಳಿದಿತ್ತು ಅಂತ ಕಾಣುತ್ತದೆ, "ಮೊದಲು ಕೆಲಸ ಎಂತ ಮಾಡ್ಕೊಂಡಿದ್ರು?" ಅಂತ ಕೇಳಿದರು.

"ಪ್ರೆಸ್ಸಿನಲ್ಲಿದ್ರು" ಎಂದರು ದೊಡ್ಡಮ್ಮ.

"ಓ, ಪತ್ರಕರ್ತರಾ!" ಡಾಕ್ಟ್ರ ಮುಖ ಅರಳಿತು. ದೊಡ್ಡಮ್ಮ ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಪತ್ರಕರ್ತರ ಹೆಂಡತಿ ಆಗುವುದಕ್ಕೆ ಅವರದೇನೂ ಅಭ್ಯಂತರ ಇರಲಿಲ್ಲ. ಕೈಗೆ ಬಂದ ಹಾಳೆಯಲ್ಲಿ 'ರಿಟೈರ್ಡ್ ಜರ್ನಲಿಸ್ಟ್' ಅಂತ ಅಚ್ಚಾಗಿತ್ತು. ವಾಪಸ್ ಬರುವಾಗ ಕಾರಿನಲ್ಲಿ ಎಲ್ಲರೂ ನಕ್ಕೆವು. ನಗು ಮುಗಿದ ಮೇಲೆ ಅದು ನನ್ನ ತಲೆಯೊಳಗೆ ಕೊರೆಯಲು ಶುರುವಾಯಿತು. ಯಾಕೆಂದರೆ ದೊಡ್ಡಪ್ಪ ಜೀವಮಾನದಲ್ಲಿ ಒಂದು ವರದಿ ಬರೆದವರಲ್ಲ. ಕಾಸರಗೋಡು ಪೇಟೆಯ ಒಂದು ಸಣ್ಣ ಕನ್ನಡ ಅಚ್ಚುಕೂಟದಲ್ಲಿ ಮೊಳೆ, ಅಂದರೆ ಅಚ್ಚಿನ ಲೋಹದ ಅಕ್ಷರ, ಜೋಡಿಸುತ್ತಿದ್ದವರು. ಮೀಸೆ ಮೂಡುವ ಮೊದಲು ಸೇರಿದವರು ಆಫ್‌ಸೆಟ್ಟು ಮುದ್ರಣ, ಕಂಪ್ಯೂಟರಿನ ಡಿಟಿಪಿ ಬಂದು ಆ ಪ್ರೆಸ್ಸು ಬಾಗಿಲು ಹಾಕುವವರೆಗೆ ಬೇರೆ ಕೆಲಸ ನೋಡಲಿಲ್ಲ. ಪತ್ರಕರ್ತನ ಕೈಗೆ ಹತ್ತುವುದು ಶಾಯಿ. ಮೊಳೆ ಜೋಡಿಸುವವನ ಕೈಗೆ ಹತ್ತುವುದು ಸೀಸ.

ಸುಣ್ಣ ಹಚ್ಚುವ ಬೆರಳು

ಈಗಿನ ಮಕ್ಕಳಿಗೆ ಮೊಳೆ ಅಂದರೆ ಗೋಡೆಗೆ ಹೊಡೆಯುವುದು ಮಾತ್ರ. ಹಾಗಾಗಿ ಸ್ವಲ್ಪ ಹೇಳುತ್ತೇನೆ. ಶಾಲೆಗೆ ರಜೆ ಬಿಟ್ಟಾಗ ನನ್ನನ್ನು ಪೇಟೆಗೆ ಕರೆದುಕೊಂಡು ಹೋಗಿ ಪ್ರೆಸ್ಸಿನ ಮೂಲೆಯ ಸ್ಟೂಲಿನ ಮೇಲೆ ಕೂರಿಸುತ್ತಿದ್ದರು. ಎದುರಿಗೆ ಓರೆಯಾಗಿ ನಿಲ್ಲಿಸಿದ ಮರದ ಕೇಸುಗಳು, ಅದರ ತುಂಬ ಚಿಕ್ಕ ಚಿಕ್ಕ ಖಾನೆ. ಕನ್ನಡಕ್ಕೆ ಖಾನೆ ಜಾಸ್ತಿ ಬೇಕು. ಕಾಗುಣಿತ ಬೇರೆ, ಒತ್ತು ಬೇರೆ. ದೊಡ್ಡಪ್ಪ ಎಡಗೈಯಲ್ಲಿ ಸಾಲು ಜೋಡಿಸುವ ಸ್ಟಿಕ್ಕು ಹಿಡಿದು ನಿಂತುಕೊಂಡು, ಕೇಸಿನ ಕಡೆ ನೋಡದೆಯೇ ಬಲಗೈಯಲ್ಲಿ ಅಕ್ಷರ ಹೆಕ್ಕುತ್ತಿದ್ದರು. ಸಾಲು ತಲೆಕೆಳಗಾಗಿ ಬೆಳೆಯುತ್ತಿತ್ತು. ಯಕ್ಷಗಾನದ ಕರಪತ್ರ, ಭೂತದ ಕೋಲದ ಕಾಗದ, ಮದುವೆ ಆಮಂತ್ರಣ, ಉತ್ತರಕ್ರಿಯೆಯ ಕಾರ್ಡು, ಸೊಸೈಟಿಯ ಮಹಾಸಭೆಯ ನೋಟೀಸು. ನಮ್ಮ ಊರಿನ ಎಷ್ಟೋ ಮನೆಗಳ ಒಳ್ಳೆಯದು ಕೆಟ್ಟದು ಅವರ ಬೆರಳ ತುದಿಯಲ್ಲಿ ಹಾದುಹೋಗಿದೆ. ಸರಿಯಾದ ಒತ್ತು ಸಿಗದಿದ್ದರೆ ಕೈಯಲ್ಲಿದ್ದ ಮೊಳೆಯನ್ನು ತುಟಿಗಳ ನಡುವೆ ಕಚ್ಚಿಕೊಂಡು ಎರಡೂ ಕೈಯಲ್ಲಿ ಹುಡುಕುತ್ತಿದ್ದರು. ದರ್ಜಿ ಸೂಜಿ ಕಚ್ಚಿಕೊಳ್ಳುವುದಿಲ್ಲವಾ, ಹಾಗೆ. ಅದನ್ನು ನೋಡಿ ಯಾರಿಗೂ ಏನೂ ಅನಿಸುತ್ತಿರಲಿಲ್ಲ.

ಮೊಳೆಯ ಲೋಹದಲ್ಲಿ ಸೀಸದ್ದೇ ದೊಡ್ಡ ಪಾಲು. ಗಟ್ಟಿ ಬರಲಿ ಅಂತ ಆಂಟಿಮನಿ, ಅಚ್ಚು ಚೆನ್ನಾಗಿ ಮೂಡಲಿ ಅಂತ ತವರ. ಅಚ್ಚಾದ ಮೇಲೆ ಫಾರಂಗೆ (ಜೋಡಿಸಿ ಬಿಗಿದ ಮೊಳೆಗಳ ಪುಟಕ್ಕೆ) ಸೀಮೆಎಣ್ಣೆ ಹಾಕಿ ಬ್ರಷ್ಷಿನಲ್ಲಿ ಉಜ್ಜುತ್ತಾರೆ. ಆಮೇಲೆ ಒಂದೊಂದೇ ಮೊಳೆಯನ್ನು ಬಿಡಿಸಿ ಮತ್ತೆ ಅದರದರ ಖಾನೆಗೆ ಹಾಕಬೇಕು. ಖಾನೆಗಳ ಅಡಿಯಲ್ಲಿ ಬೂದು ಬಣ್ಣದ ಪುಡಿ ಕೂತಿರುತ್ತಿತ್ತು. ವರ್ಷಕ್ಕೆ ಒಂದೆರಡು ಸಲ, ಹೆಚ್ಚಾಗಿ ಆಯುಧಪೂಜೆಯ ಹಿಂದಿನ ದಿನ, ಕೇಸು ಹೊರಗೆ ತಂದು ಬಾಯಲ್ಲೇ ಊದಿ ಕ್ಲೀನ್ ಮಾಡುತ್ತಿದ್ದರು.

ಇಷ್ಟರ ನಡುವೆ ಎಲೆ ಅಡಿಕೆ. ನಮ್ಮ ಊರಿನ ಮನುಷ್ಯ, ಅಡಿಕೆ ತೋಟದ ನಡುವೆ ಹುಟ್ಟಿದವರು, ತಿನ್ನದೆ ಇರುತ್ತಾರಾ? ವೀಳ್ಯದೆಲೆಯನ್ನು ಪಂಚೆಗೆ ಒರೆಸುತ್ತಾರೆ, ತೊಟ್ಟು ಮುರಿಯುತ್ತಾರೆ, ಡಬ್ಬಿಯಿಂದ ತೋರುಬೆರಳಲ್ಲಿ ಸುಣ್ಣ ತೆಗೆದು ಎಲೆಯ ಬೆನ್ನಿಗೆ ಹಚ್ಚುತ್ತಾರೆ. ಆ ಬೆರಳು ಬೆಳಗ್ಗಿನಿಂದ ಮೊಳೆ ಹೆಕ್ಕಿ ಸ್ಲೇಟಿನ ಹಾಗೆ ಕಪ್ಪಾಗಿರುತ್ತಿತ್ತು. ಸುಣ್ಣ ಹಚ್ಚಿ ಮುಗಿಯುವಾಗ ತುದಿ ಮಾತ್ರ ಬೆಳ್ಳಗೆ. ಉಳಿದ ಸುಣ್ಣವನ್ನು ಕೇಸಿನ ಅಂಚಿಗೆ ಒರೆಸಿ ಮತ್ತೆ ಕೆಲಸ. ಸೀಸದ ಲೋಹ ಚರ್ಮದ ಮೂಲಕ ಒಳಗೆ ಹೋಗುವುದು ತೀರಾ ಕಮ್ಮಿ. ಹೋಗುವುದು ಮೂಗಿನಿಂದ, ಬಾಯಿಂದ. ದೊಡ್ಡವರು ನುಂಗಿದ ಸೀಸದಲ್ಲಿ ಹತ್ತನೇ ಒಂದು ಪಾಲಿನಷ್ಟು ರಕ್ತಕ್ಕೆ ಸೇರುತ್ತದೆ, ಹಸಿದ ಹೊಟ್ಟೆಯಲ್ಲಿ ಇನ್ನೂ ಜಾಸ್ತಿ. ಮಕ್ಕಳಲ್ಲಿ ಅರ್ಧದಷ್ಟು ಸೇರುವುದೂ ಉಂಟು.

ಹಾಗಂತ ಕಾನೂನು ಇರಲಿಲ್ಲವಾ? ಇತ್ತು. 1948ರ ಕಾರ್ಖಾನೆ ಕಾಯ್ದೆಯ ಮೂರನೇ ಪರಿಚ್ಛೇದದಲ್ಲಿ, ಸರಕಾರಕ್ಕೆ ತಿಳಿಸಲೇಬೇಕಾದ ಕೆಲಸದ ಕಾಯಿಲೆಗಳ ಪಟ್ಟಿ ಶುರುವಾಗುತ್ತಿದ್ದದ್ದೇ ಸೀಸದ ವಿಷದಿಂದ. ಆದರೆ ಕರೆಂಟು ಬಳಸಿದರೆ ಹತ್ತು ಜನ, ಬಳಸದಿದ್ದರೆ ಇಪ್ಪತ್ತು ಜನ ಕೆಲಸಕ್ಕಿದ್ದರೆ ಮಾತ್ರ ಅದು ಕಾರ್ಖಾನೆ ಅನ್ನಿಸಿಕೊಳ್ಳುತ್ತಿತ್ತು. ಕಾಲಲ್ಲಿ ತುಳಿಯುವ ಟ್ರೆಡಲ್ ಅಚ್ಚುಯಂತ್ರ ಇಟ್ಟುಕೊಂಡು ಮಾಲಕರು, ದೊಡ್ಡಪ್ಪ, ಒಬ್ಬ ಹುಡುಗ ಇಷ್ಟೇ ಜನ ಇದ್ದ ಜಾಗ ಕಾರ್ಖಾನೆ ಹೇಗಾಗುತ್ತದೆ? ಕಾನೂನಿನ ಕಣ್ಣಿಗೆ ಅದು ಒಂದು ಅಂಗಡಿ.

ಎಲುಬಿನಲ್ಲಿ ಕೂತದ್ದು

ಪ್ರೆಸ್ಸು ಮುಚ್ಚಿ ಕಾಲು ಶತಮಾನ ಕಳೆಯಿತು, ಈಗ ಎಂತದು ಸೀಸ ಅಂತ ಅಣ್ಣ (ದೊಡ್ಡಪ್ಪನ ಮಗ) ಕೇಳಿದ. ನ್ಯಾಯವಾದ ಪ್ರಶ್ನೆ. ನಾನೂ ಅದನ್ನೇ ಹುಡುಕಿಕೊಂಡು ಓದಲು ಶುರು ಮಾಡಿದ್ದು.

ರಕ್ತದಲ್ಲಿರುವ ಸೀಸ ಹೆಚ್ಚು ದಿನ ಅಲ್ಲಿ ನಿಲ್ಲುವುದಿಲ್ಲ. ಸುಮಾರು ಒಂದು ತಿಂಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಒಂದಷ್ಟು ಮೂತ್ರದಲ್ಲಿ ಹೋಗುತ್ತದೆ, ಒಂದಷ್ಟು ಎಲುಬಿಗೆ ಇಳಿಯುತ್ತದೆ. ದೇಹಕ್ಕೆ ಸೀಸಕ್ಕೂ ಕ್ಯಾಲ್ಸಿಯಂಗೂ ವ್ಯತ್ಯಾಸ ಸರಿಯಾಗಿ ಗೊತ್ತಾಗುವುದಿಲ್ಲ, ಅದೇ ದೊಡ್ಡ ಎಡವಟ್ಟು. ಕ್ಯಾಲ್ಸಿಯಂ ಕೂರಬೇಕಾದ ಜಾಗದಲ್ಲಿ ಇದನ್ನು ಕೂರಿಸುತ್ತದೆ. ದೊಡ್ಡವರ ಮೈಯಲ್ಲಿರುವ ಒಟ್ಟು ಸೀಸದಲ್ಲಿ ಶೇ 90ಕ್ಕಿಂತ ಜಾಸ್ತಿ ಇರುವುದು ಎಲುಬಿನಲ್ಲಿ, ಅದೂ ಹತ್ತಾರು ವರ್ಷ. ಪ್ರಾಯ ಆದ ಹಾಗೆ ಎಲುಬು ಸವೆಯುತ್ತದೆ. ಸವೆದಾಗ ಕ್ಯಾಲ್ಸಿಯಂ ಜೊತೆಗೆ ಇದೂ ಬಿಡುಗಡೆಯಾಗಿ ಮತ್ತೆ ರಕ್ತಕ್ಕೆ ಬರುತ್ತದೆ, ರಕ್ತದಿಂದ ಮಿದುಳಿಗೆ. ಹೆಂಗಸರಿಗೆ ಮುಟ್ಟು ನಿಂತ ಮೇಲೆ ಇದು ಜೋರಾಗುತ್ತದೆ. ಹಾಸಿಗೆ ಹಿಡಿದವರಲ್ಲೂ ಎಲುಬು ಬೇಗ ಕರಗುತ್ತದೆ.

ದೊಡ್ಡಪ್ಪ ಎರಡು ಮಳೆಗಾಲದ ಹಿಂದೆ ಅಂಗಳದ ಹಾವಸೆಯಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡಿದ್ದರು. ಆಪರೇಷನ್, ಆಮೇಲೆ ಹಾಸಿಗೆ. ಅಲ್ಲಿಯವರೆಗೆ ಅವರ ಮರೆವು ಎಲ್ಲರ ಮನೆಯ ಮರೆವಿನಂತೆಯೇ ಇತ್ತು: ಕನ್ನಡಕ ಎಲ್ಲಿಟ್ಟೆ, ತೋಟಕ್ಕೆ ಯಾಕೆ ಬಂದೆ. ಎದ್ದು ಓಡಾಡಲು ಶುರು ಮಾಡಿದ ಮೇಲೆ ಬೇರೆ ಆಯಿತು. ಸಂಜೆಯಾದರೆ "ಪ್ರೂಫ್ ನೋಡ್ಲಿಕ್ಕುಂಟು, ಕೊನೇ ಬಸ್ಸು ತಪ್ಪುತ್ತದೆ" ಅಂತ ಚಪ್ಪಲಿ ಹುಡುಕುತ್ತಾರೆ. ಇದಕ್ಕೆ ಎಲುಬಿನಿಂದ ಬಂದ ಸೀಸವೇ ಕಾರಣ ಅಂತ ನಾನು ಹೇಳುತ್ತಿಲ್ಲ. ಸೊಂಟ ಮುರಿದು ಆಪರೇಷನ್ ಆದ ಎಷ್ಟೋ ಹಿರಿಯರಿಗೆ, ಜೀವನದಲ್ಲಿ ಸೀಸ ಮುಟ್ಟದವರಿಗೂ, ಹೀಗೆ ಆಗುತ್ತದೆ. ಹೇಳುವುದು ಇಷ್ಟೇ: ಆ ಹೊತ್ತಿಗೆ ಯಾರಾದರೂ ಒಂದು ಪ್ರಶ್ನೆ ಕೇಳಬಹುದಿತ್ತು. ಕೇಳಲಿಕ್ಕೆ ಬೇಕಾದ ಮಾಹಿತಿ ಫೈಲಿನಲ್ಲಿ ಇರಲಿಲ್ಲ.

ನಡುವೆ ಒಂದು ವಿಷಯ ಹೇಳಿಬಿಡುತ್ತೇನೆ. ಮನೆಗೆ ಬರುವ ಹೋಂ ನರ್ಸ್, ಪಯ್ಯನ್ನೂರು ಕಡೆಯ ಹುಡುಗಿ, ಒಂದು ದಿನ ಗಾಬರಿಯಿಂದ ದೊಡ್ಡಮ್ಮನನ್ನು ಕರೆದಳು. ಅಪ್ಪಚ್ಚನ್ ಪೇಪರನ್ನು ತಲೆಕೆಳಗೆ ಹಿಡಿದುಕೊಂಡು ಕೂತಿದ್ದಾರೆ, ಕಾಯಿಲೆ ಜೋರಾಗಿದೆ ಅಂತ. ನಾನು ಅಲ್ಲೇ ಇದ್ದೆ. ಹೋಗಿ "ದೊಡ್ಡಪ್ಪ, ಎಂತ ಬರೆದಿದ್ದಾರೆ?" ಅಂದೆ. ತಲೆಕೆಳಗಾದ ಪುಟದಿಂದಲೇ ಅಡಿಕೆ ಧಾರಣೆಯ ಸುದ್ದಿಯನ್ನು ಒಂದಕ್ಷರ ತಪ್ಪದೆ ಓದಿದರು. ನಡುವೆ ನಿಲ್ಲಿಸಿ "ಇಲ್ಲಿ ಒತ್ತು ಬಿಟ್ಟು ಹೋಗಿದೆ ನೋಡು" ಅಂತ ಬೆರಳಿಟ್ಟು ತೋರಿಸಿದರು. ನಿಜವಾಗಿಯೂ ಬಿಟ್ಟುಹೋಗಿತ್ತು. ಮೊಳೆ ಜೋಡಿಸುವವರು ಜೀವನವಿಡೀ ಓದುವುದೇ ಹಾಗೆ. ಬೆಳಗ್ಗೆ ತಿಂಡಿ ತಿಂದದ್ದು ಆ ಹೊತ್ತಿಗೆ ಅವರಿಗೆ ನೆನಪಿರಲಿಲ್ಲ. ಅವರು ಏನು ಕೆಲಸ ಮಾಡುತ್ತಿದ್ದರು ಅಂತ ಗೊತ್ತಿಲ್ಲದವರಿಗೆ ಅವರ ಕಾಯಿಲೆ ಮಾತ್ರವಲ್ಲ, ಅವರಲ್ಲಿ ಇನ್ನೂ ಸರಿಯಾಗಿ ಉಳಿದಿರುವುದೂ ತಿಳಿಯುವುದಿಲ್ಲ.

ಹಾಗಾದರೆ ಸೀಸದ್ದೇ ಕೆಲಸವಾ?

ಒಬ್ಬ ಮನುಷ್ಯನನ್ನು ಎದುರು ಕೂರಿಸಿಕೊಂಡು ಈ ಮರೆವು ಸೀಸದಿಂದ ಬಂದದ್ದು ಅಂತ ಹೇಳಲು ಬರುವುದಿಲ್ಲ. ಬಿಪಿ ಉಂಟು, ಪ್ರಾಯ ಎಂಬತ್ತು ದಾಟಿದೆ, ಕಿವಿ ಮಂದ. ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4 ಜನರಿಗೆ, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ, ಇದೆ ಅಂತ 2023ರಲ್ಲಿ ಬಂದ ದೊಡ್ಡ ಅಂದಾಜು. ಅಷ್ಟೂ ಜನ ಮೊಳೆ ಜೋಡಿಸಿದವರಲ್ಲ ಅಲ್ವಾ.

ಆದರೆ ತುಂಬ ಜನರನ್ನು ಒಟ್ಟಿಗೆ ಇಟ್ಟು ನೋಡಿದಾಗ ಚಿತ್ರ ಕಾಣುತ್ತದೆ. ಬೋಸ್ಟನ್ನಿನಲ್ಲಿ 1963ರಲ್ಲಿ ಶುರುವಾದ ಒಂದು ಅಧ್ಯಯನ ಗಂಡಸರ ಒಂದು ದೊಡ್ಡ ಗುಂಪನ್ನು ದಶಕಗಟ್ಟಲೆ ಹಿಂಬಾಲಿಸಿತು. ಮೊಣಕಾಲಿನ ಚಿಪ್ಪು, ಕಣಕಾಲಿನ ಎಲುಬು ಇವುಗಳಲ್ಲಿ ಎಷ್ಟು ಸೀಸ ಇದೆ ಅಂತ ಒಂದು ಬಗೆಯ ಎಕ್ಸ್‌ರೇಯಿಂದ ಅಳೆದರು. ಎಲುಬಿನಲ್ಲಿ ಸೀಸ ಜಾಸ್ತಿ ಇದ್ದವರ ನೆನಪು, ಲೆಕ್ಕ, ಗಮನದ ಪರೀಕ್ಷೆಯ ಅಂಕಗಳು ಬೇಗ ಇಳಿದವು. ಬಾಲ್ಟಿಮೋರಿನಲ್ಲಿ 50ರಿಂದ 70ರ ಪ್ರಾಯದ ಸಾಮಾನ್ಯ ನಗರವಾಸಿಗಳಲ್ಲಿಯೂ ಹೀಗೇ: ಕಣಕಾಲಿನ ಎಲುಬಿನಲ್ಲಿ ಸೀಸ ಹೆಚ್ಚಿದ್ದವರ ಅಂಕ ಕಮ್ಮಿ. ಇದಕ್ಕಿಂತ ನನ್ನನ್ನು ಹಿಡಿದದ್ದು ಇನ್ನೊಂದು. ಪೆಟ್ರೋಲಿಗೆ ಬೆರೆಸುವ ಸೀಸ ತಯಾರಿಸುವ ಕಾರ್ಖಾನೆಯಲ್ಲಿ ಹಿಂದೆ ದುಡಿದವರ ಮೇಲೆ ಅಮೆರಿಕದಲ್ಲಿ ಮಾಡಿದ ಅಧ್ಯಯನ, 2000ದಲ್ಲಿ ಪ್ರಕಟವಾದದ್ದು. ಸೀಸದ ಸಂಪರ್ಕ ತಪ್ಪಿ ಒಂದೂವರೆ ದಶಕ ಆಗಿದ್ದವರಲ್ಲೂ ಬುದ್ಧಿ ಪರೀಕ್ಷೆಯ ಅಂಕ ವರ್ಷದಿಂದ ವರ್ಷಕ್ಕೆ ಇಳಿಯುತ್ತಲೇ ಇತ್ತು. ಕೆಲಸ ಬಿಟ್ಟರೂ ಕೆಲಸ ಅವರನ್ನು ಬಿಟ್ಟಿರಲಿಲ್ಲ. ಅಣ್ಣನ ಪ್ರಶ್ನೆಗೆ ಉತ್ತರ ಇದೇ.

ಸೀಸದಿಂದ ಬಿಪಿ ಏರುತ್ತದೆ ಅನ್ನುವುದು ಇನ್ನೂ ಗಟ್ಟಿಯಾಗಿ ಗೊತ್ತಿರುವ ವಿಷಯ. ಬಿಪಿ ಏರಿದರೆ ಮಿದುಳಿನ ಸಣ್ಣ ರಕ್ತನಾಳಗಳು ಹಾಳಾಗುತ್ತವೆ. ಹಾಗಾಗಿ "ಇವರಿಗೆ ಬಿಪಿಯಿಂದ ಮರೆವು" ಅಂತ ಡಾಕ್ಟ್ರು ಬರೆದರೆ ಅದು ತಪ್ಪಲ್ಲ, ಆದರೆ ಬಿಪಿ ಎಲ್ಲಿಂದ ಬಂತು ಅನ್ನುವ ಬಾಗಿಲು ಅಲ್ಲಿಗೆ ಮುಚ್ಚಿತು.

ಇಷ್ಟಾಗಿಯೂ ಡಿಮೆನ್ಶಿಯಾ ಬಗ್ಗೆ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಕೊಟ್ಟ, ತಡೆಯಬಹುದಾದ 14 ಕಾರಣಗಳ ಪಟ್ಟಿಯಲ್ಲಿ ಗಾಳಿಯ ಮಾಲಿನ್ಯ ಉಂಟು, ಕಿವಿ ಮಂದವಾಗುವುದು ಉಂಟು, ಸೀಸ ಪ್ರತ್ಯೇಕವಾಗಿ ಇಲ್ಲ. ಅದನ್ನು ಸೇರಿಸುವಷ್ಟು ಪುರಾವೆ ಉಂಟಾ ಇಲ್ಲವಾ ಅಂತ ವಾದ ಮಾಡುವಷ್ಟು ನಾನು ಓದಿದವನಲ್ಲ. ಪಟ್ಟಿಯಲ್ಲಿ ಇಲ್ಲದ್ದನ್ನು ಒಪಿಡಿಯಲ್ಲಿ ಯಾರೂ ಕೇಳುವುದಿಲ್ಲ ಅನ್ನುವುದು ಮಾತ್ರ ಕಣ್ಣಾರೆ ನೋಡಿದ್ದೇನೆ.

ವಿಷ ಅಂದರೆ ಒಂದೇ ಹೆಸರು

ನಮ್ಮದು ವಿಷದ ಬಗ್ಗೆ ಗೊತ್ತಿಲ್ಲದ ಊರಲ್ಲ. ಎಣ್ಮಕಜೆ, ಪಡ್ರೆ, ಸ್ವರ್ಗ ಅಂತ ಊರಿನ ಹೆಸರು ಹೇಳಿದರೆ ಸಾಕು, ಗೇರು ತೋಟದ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಕಾಲ ಎಲ್ಲರಿಗೂ ನೆನಪಾಗುತ್ತದೆ. 1970ರ ದಶಕದ ಕೊನೆಯಿಂದ 2000ದವರೆಗೆ ಸುರಿದರು. ಸುಪ್ರೀಂ ಕೋರ್ಟು 2011ರಲ್ಲಿ ಇಡೀ ದೇಶದಲ್ಲಿ ನಿಲ್ಲಿಸಿತು. ಕರುಗಳು, ಮಕ್ಕಳು, ಬಾವಿ, ತೋಡು ಎಲ್ಲದರ ಮೇಲೂ ಪ್ರಶ್ನೆ ಕೇಳಿ ಕೇಳಿ ಹಠ ಹಿಡಿದವರು ನಮ್ಮವರೇ. ಹಾಗಿರುವಾಗ ಸೀಸದ ಬಗ್ಗೆ ಯಾಕೆ ಮೌನ ಅಂತ ಯೋಚಿಸಿದೆ. ಹೆಲಿಕಾಪ್ಟರು ಕಾಣುತ್ತದೆ. ಶಬ್ದ ಬರುತ್ತದೆ. ಸುರಿದವರು ಯಾರು ಅಂತ ಗೊತ್ತು. ಸೀಸಕ್ಕೆ ಅಂಥ ವಿಳಾಸ ಇಲ್ಲ. ಅದು ಹೊಟ್ಟೆಪಾಡಿನ ಕೆಲಸದ ಜೊತೆಗೇ ಬರುತ್ತದೆ. ಕೆಲಸ ಕೊಟ್ಟ ಮಾಲಕರು ಒಳ್ಳೆಯವರು, ಮಗಳ ಮದುವೆಗೆ ಸಾಲ ಕೊಟ್ಟವರು, ಅವರ ಮೇಲೆ ದೂರು ಹೇಳುವುದು ಹೇಗೆ?

ಪೆಟ್ರೋಲಿನ ಕಥೆಯೂ ಹಾಗೆಯೇ. ದೇಶದಲ್ಲಿ ಸೀಸದ ಪೆಟ್ರೋಲು ಪೂರ್ತಿ ನಿಂತದ್ದು 2000ದಲ್ಲಿ, ಹೆಲಿಕಾಪ್ಟರು ನಿಂತ ವರ್ಷವೇ. ಲೋಕದಲ್ಲಿ ಕೊನೆಗೆ ನಿಲ್ಲಿಸಿದ್ದು ಅಲ್ಜೀರಿಯಾ, 2021ರಲ್ಲಿ. ನಮ್ಮ ಊರಿನ ಬಸ್ಸು, ಲಾರಿ ಡೀಸೆಲಿನವು, ಡೀಸೆಲಿಗೆ ಸೀಸ ಬೆರೆಸುತ್ತಿರಲಿಲ್ಲ. ಹಾಗಾಗಿ ಹೊಗೆಯ ಸೀಸ ದೊಡ್ಡ ಪೇಟೆಗಳಲ್ಲಿದ್ದಷ್ಟು ಇಲ್ಲಿ ಇದ್ದಿರಲಾರದು. ಇಲ್ಲಿಯದು ಬೇರೆ ದಾರಿಗಳು: ಪ್ರೆಸ್ಸು, ಬ್ಯಾಟರಿ ಅಂಗಡಿ, ಬಣ್ಣ ಕೆರೆಯುವ ಕೆಲಸ, ಬೀಸುಬಲೆಗೆ ಸೀಸದ ಗುಂಡು ಎರಕ ಹೊಯ್ಯುವುದು. ತಾಮ್ರದ ಪಾತ್ರೆಗೆ ಕಲಾಯಿ ಹಾಕುವವರನ್ನೂ ಸೇರಿಸಬೇಕು. ಶುದ್ಧ ತವರಕ್ಕೆ ರೇಟು ಜಾಸ್ತಿ, ಸೀಸ ಅಗ್ಗ, ಬೆರೆಸಿದರೆ ಕಣ್ಣಿಗೆ ಗೊತ್ತಾಗುವುದಿಲ್ಲ. ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90) ಮಿತಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅಂದರೆ ಅದಕ್ಕಿಂತ ಹಿಂದಿನ ಕಿಟಕಿ, ಬಾಗಿಲು, ಗೇಟುಗಳನ್ನು ಉಜ್ಜು ಕಾಗದದಲ್ಲಿ ಉಜ್ಜುವವರ ಮೂಗಿಗೆ ಇವತ್ತಿಗೂ ಹಳೆಯ ಬಣ್ಣವೇ ಹೋಗುತ್ತದೆ.

ಮತ್ತೆ ದೊಡ್ಡಮ್ಮ. ಇಡೀ ಕಥೆಯಲ್ಲಿ ಅವರನ್ನು ಯಾರೂ ಪ್ರಶ್ನೆಯೇ ಕೇಳಲಿಲ್ಲ, ಗಂಡನ ಬಗ್ಗೆ ಕೇಳಿದ್ದು ಬಿಟ್ಟರೆ. ದಿನಾ ಪ್ರೆಸ್ಸಿನ ಅಂಗಿ ಒಗೆಯುವ ಕಲ್ಲಿಗೆ ಬಡಿದವರು ಅವರು. ಒದ್ದೆ ಮಾಡುವ ಮೊದಲು ಜಾಡಿಸುತ್ತಿದ್ದರು. ಕಿಸೆಯಲ್ಲಿ ಮೊಳೆ ಉಳಿದಿದ್ದರೆ ಬೀಳಲಿ ಅಂತ. ಕೆಲಸದವರ ಬಟ್ಟೆಯಲ್ಲಿ ಸೀಸದ ಪುಡಿ ಮನೆಗೆ ಬಂದು ಹೆಂಡತಿ ಮಕ್ಕಳಿಗೆ ಸೇರುವುದು ಬೇರೆ ಬೇರೆ ದೇಶಗಳಲ್ಲಿ ದಾಖಲಾಗಿರುವ ಸಂಗತಿ. ಅವರ ಬೆನ್ನು ಈಗ ಬಾಗಿದೆ, ಎಲುಬು ಸವೆದಿದೆ, ಡಾಕ್ಟ್ರು ಕ್ಯಾಲ್ಸಿಯಂ ಬರೆದಿದ್ದಾರೆ. ಸವೆದ ಎಲುಬಿನಿಂದ ಏನೆಲ್ಲ ಹೊರಗೆ ಬಂತೋ.

ಎರಡನೇ ಸಲ ಹೋದಾಗ

ಮುಂದಿನ ಸಲ ಹೋಗುವಾಗ ನಾನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋದೆ. ಯಾವ ಪ್ರಾಯದಲ್ಲಿ ಸೇರಿದರು, ಎಷ್ಟು ವರ್ಷ, ಕೋಣೆಗೆ ಕಿಟಕಿ ಎಷ್ಟು, ಊಟ ಎಲ್ಲಿ ಮಾಡುತ್ತಿದ್ದರು, ಎಲೆ ಅಡಿಕೆ, ಬಾಯಲ್ಲಿ ಊದುವುದು, ಸವೆದ ಮೊಳೆ ಕರಗಿಸಿದ್ದು. ಡಾಕ್ಟ್ರು ಪೂರ್ತಿ ಓದಿದರು. "ನಾನು ಪತ್ರಕರ್ತರು ಅಂತ ತಿಳ್ಕೊಂಡೆ" ಅಂತ ನಕ್ಕು ಕಂಪ್ಯೂಟರಿನಲ್ಲಿ ತಿದ್ದಿದರು. ರಕ್ತ ಪರೀಕ್ಷೆ ಮಾಡಬಹುದು, ಆದರೆ ಈಗ ಬರುವ ಅಂಕಿ ಆಗ ಎಷ್ಟಿತ್ತು ಅನ್ನುವುದನ್ನು ಹೇಳುವುದಿಲ್ಲ ಎಂದರು. ಎಲುಬಿನ ಸೀಸ ಅಳೆಯುವ ಯಂತ್ರ ನಮ್ಮ ಮಾಮೂಲಿ ಆಸ್ಪತ್ರೆಗಳಲ್ಲಿ ಇರುವುದಿಲ್ಲ. ಸೀಸ ಹೊರಗೆ ತೆಗೆಯುವ ಔಷಧಿ ಉಂಟಲ್ಲ ಅಂತ ಅಣ್ಣ ಕೇಳಿದ. ಅದು ರಕ್ತದಲ್ಲಿ ತುಂಬ ಏರಿದವರಿಗೆ, ಎಲುಬಿನಲ್ಲಿ ಆಳವಾಗಿ ಕೂತದ್ದನ್ನು ಅದು ಸರಿಯಾಗಿ ಎಳೆಯುವುದಿಲ್ಲ, ಹೋದ ನೆನಪನ್ನು ವಾಪಸ್ ತರುವುದಿಲ್ಲ, ಕಿಡ್ನಿಗೆ ಭಾರ ಬೇರೆ ಅಂತ ಬಿಡಿಸಿ ಹೇಳಿದರು. ಬಿ12, ಥೈರಾಯ್ಡ್ ನೋಡಿಸಿ, ಬಿಪಿ ಹಿಡಿತದಲ್ಲಿಡಿ, ಕಿವಿಗೆ ಮೆಷಿನ್ ಹಾಕಿಸಿ, ಮತ್ತೆ ಬೀಳದ ಹಾಗೆ ನೋಡಿಕೊಳ್ಳಿ. ಮೊದಲೇ ಹೇಳಿದ್ದನ್ನೇ ಹೇಳಿದ್ದು. ಹಾಗಾದರೆ ಹಾಳೆ ಬರೆದದ್ದು ಸುಮ್ನೆಯಾ? ನನಗೆ ಹಾಗೆ ಅನಿಸುವುದಿಲ್ಲ. ಹೊರಡುವಾಗ ಅವರು ಒಂದು ಹೊಸ ಪ್ರಶ್ನೆ ಕೇಳಿದರು: "ಆ ಮೊಳೆಗಳು ಈಗ ಎಲ್ಲುಂಟು?"

ಒಂದು ಪಾಲು ಮನೆಯಲ್ಲೇ ಉಂಟು. ಪ್ರೆಸ್ಸು ಮುಚ್ಚುವಾಗ ಕೊನೆಯ ತಿಂಗಳುಗಳ ಸಂಬಳದ ಬದಲಿಗೆ ಅಂತ ಮಾಲಕರು ದೊಡ್ಡಪ್ಪನಿಗೆ ಕೊಟ್ಟ ಗೋಣಿಚೀಲಗಳು. ಸ್ವಲ್ಪವನ್ನು ಅವರು ಆಗಲೇ ಡಾಲ್ಡಾ ಡಬ್ಬಿಯಲ್ಲಿ ಹಾಕಿ, ತೆಂಗಿನ ಗೆರಟೆಯ ಬೆಂಕಿಯಲ್ಲಿ ಕರಗಿಸಿ, ಬಲೆಯ ಗುಂಡು ಮಾಡಿ ಮೊಗ್ರಾಲಿನ ಕಡೆಯವರಿಗೆ ಮಾರಿದ್ದರು. ಉಳಿದದ್ದು ಕೊಟ್ಟಿಗೆಯಲ್ಲಿದೆ. ಅಣ್ಣನ ಮಗ ಅದರಲ್ಲಿ ಹೆಸರು ಜೋಡಿಸಿ ಕೀಚೈನ್ ಮಾಡಿ ಆನ್‌ಲೈನ್ ಮಾರುತ್ತೇನೆ ಅಂದ. ಬೇಡ ಎಂದೆವು. ಗುಜರಿಯವನು ಬಂದು ತೂಕ ಅಂದಾಜು ಮಾಡಿ ಒಳ್ಳೆಯ ರೇಟೇ ಹೇಳಿದ. ಬ್ಯಾಟರಿಗಳಿಗಾದರೆ 2022ರ ನಿಯಮ ಉಂಟು, ತಯಾರಿಸಿದ ಕಂಪೆನಿಯೇ ವಾಪಸ್ ತೆಗೆದುಕೊಳ್ಳುವ ವ್ಯವಸ್ಥೆ ಮಾಡಬೇಕು ಅಂತ. ಮೊಳೆಗೆ ಅಂಥದ್ದು ಎಂತದೂ ಇಲ್ಲ. "ಇದನ್ನು ಎಲ್ಲಿ ಕರಗಿಸ್ತೀರಿ?" ಅಂತ ಕೇಳಿದೆ. "ಅದೆಲ್ಲ ನಮ್ಮ ಹುಡುಗರು ನೋಡ್ಕೊಳ್ತಾರೆ ಸಾರ್" ಅಂದ. ಹುಡುಗರಿಗೆ ಎಷ್ಟು ಪ್ರಾಯ ಅಂದೆ. ಅವನು ಅದನ್ನು ಚೌಕಾಶಿ ಅಂತ ತಿಳಿದುಕೊಂಡು ಕಿಲೋಗೆ ಐದು ರೂಪಾಯಿ ಏರಿಸಿದ.